ಮೂರೋ ಎಂಟೋ

ಮುನ್ನೂರ ಮೂರಕ್ಕೆ ಹೋಗಬೇಕಿದ್ದ ಶೇರ್ವಾನಿ
ಮುನ್ನೂರ ಎಂಟಕ್ಕೆ ಹೋಯಿತು.
ಬಾಗಿಲು ತೆರೆದ ಸುಡಾನಿ ಮೇಷ್ಟರು
ಜರಿಯ ಕಾಲರು ಮುಟ್ಟಿ ನೋಡಿ
ಮಾಷಾ ಅಲ್ಲಾ ಅಂದರು, ಒಳಗೆ ಒಯ್ದರು.
ತಮ್ಮದಲ್ಲವೆಂದು ಅವರೂ ಹೇಳಲಿಲ್ಲ,
ಹೌದೇ ಎಂದು ನಾನೂ ಕೇಳಲಿಲ್ಲ. ನನಗೆ ಅವಸರ.
ಕೆಳಗೆ ಸೈಕಲ್ಲು, ಹ್ಯಾಂಡಲ್ಲಿಗೆ ಇನ್ನೂ ಹನ್ನೊಂದು ಹ್ಯಾಂಗರು,
ರೋಲಾದ ಬಿಸಿಲು ಆಗಲೇ ಸೀಟಿನ ಮೇಲೆ ಕೂತು
ಜಾಗ ಬಿಡಲೊಲ್ಲದು.
ಲಾಂಡ್ರಿಯ ಎದುರು ಕಟ್ಟಡದ ನಾಲ್ಕನೇ ಮಹಡಿಯಿಂದ
ಬಿಳಿ ಉಟ್ಟ ಆಕೆ ಕೈ ಬೀಸಿದಳು, ದಿನದಂತೆ.
ನಾನೂ.

ಎಕ್ಸ್‌ಚೇಂಜಿನಲ್ಲಿ ನನ್ನ ಚೀಟಿ ಎಂಬತ್ತಾರು.
ಗೋಡೆಯಲ್ಲಿ ಕೆಂಪು ಅಂಕಿ ಉರಿಯುತ್ತಿತ್ತು,
ಅರವತ್ತಾರು ಅಂದುಕೊಂಡು ಕೂತೆ.
ಇನ್ನಿಪ್ಪತ್ತು ಜನ. ತಂಪು ಗಾಳಿ, ಪುಕ್ಕಟೆ ನೀರು.
ಕಣ್ಣು ಮುಚ್ಚಿದರೆ ಯಾರದ್ದೇನು ಹೋಗುತ್ತದೆ?
ಎಚ್ಚರಿಸಿದ ಗಾರ್ಡು ಹೊಸ ಚೀಟಿ ತೆಗೆ ಅಂದ.
ನೂರ ನಲವತ್ತು.
ಮಗಳು ಚಂಚಲೆಯ ನರ್ಸಿಂಗ್ ಫೀಸು
ಜೇಬಿನಲ್ಲೇ ಬೆವರಿತು.

ಅಷ್ಟರಲ್ಲಿ ಕೋಯಾನ ಫೋನು.
ದೂಮಪ್ಪಾ, ಮದುಮಗ ಅಂಗಡಿಗೇ ಬಂದಿದ್ದಾನೆ,
ಬನಿಯನ್ನಿನಲ್ಲಿ.
ನಿಕಾಹ್ ಅಜ್ಮಾನಿನಲ್ಲಿ, ರಾತ್ರಿ ಎಂಟಕ್ಕೆ.
(ಎಂಟೋ, ಮೂರೋ, ಮತ್ತೊಮ್ಮೆ ಕೇಳಿದೆ. ಬೈದ.)

ಮೇಷ್ಟರ ಬಾಗಿಲಿಗೆ ಬೀಗ. ಅವರ ಶಾಲೆ ಹುಡುಕಿ ಹೊರಟೆ.
ಬಸ್ಸಿನ ಹಣೆಯ ನಂಬರು ಓದಿಯೇ ಹತ್ತಿದ್ದು,
ಓದಿದೆ ಅಂತಲೇ ನಂಬಿದ್ದೆ.
ಇಳಿದರೆ ಸಿಮೆಂಟಿನ ಗೋದಾಮು, ಮರಳು,
ಮಲಗಿದ ಒಂದು ಕರಿನಾಯಿ.
ದಾರಿ ಬಿಡು ಮಾರಾಯಾ ಅಂತ ಹತ್ತಿರ ಹೋದರೆ
ಅದು ಟಯರು.

ಐದಕ್ಕೆ ಮೇಷ್ಟರು ತಾವಾಗಿಯೇ ಬಂದರು,
ಶೇರ್ವಾನಿಯನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು.
ಯಾರಾದರೂ ಕೇಳಿಬರುತ್ತಾರೆ ಅಂತ ಕಾದೆ, ಅಂದರು.
ಎದೆಯ ಮೇಲೆ ಒಂದೇ ಒಂದು ಗುಂಡಿ ಹಾಕಿತ್ತು.
ನಾನು ಹಾಕಿದ್ದಲ್ಲ.

ಕೋಯಾ ಎರಡು ಚೀಟಿ ಹಿಡಿದ.
ಇದೇನು? ಎಂಟು.
ಇದು? ಅದೂ ಎಂಟು.
ಎರಡೂ ಮೂರು, ಹಮುಕೇ, ಹತ್ತು ಸೈಕಲ್ಲು.

ಕಣ್ಣಿನಂಗಡಿಯ ರೊವೆನಾ, ಮನಿಲಾದ ಹುಡುಗಿ,
ಅರ್ಧ ಹಿಂದಿ, ಅರ್ಧ ಕೈಸನ್ನೆ.
ಗೋಡೆಯ ತುಂಬ ಬಾಚಣಿಗೆ.
ಹಲ್ಲು ಯಾವ ಕಡೆಗೆ, ತೋರಿಸು.
ಬಲಕ್ಕೆ. ಕೆಳಕ್ಕೆ. ಮೂರನೇ ಸಾಲಿಗೆ ಬರುವಾಗ
ಹಲ್ಲೆಲ್ಲ ಉದುರಿ ಬಾಚಣಿಗೆ ಇರುವೆಯಾಗಿತ್ತು.
ಸಿಲಿಂಡರ್ ಇದೆ, ಅಂದಳು, ಎರಡೂ ಕಣ್ಣಲ್ಲಿ.
ಊರಲ್ಲಿ ಎರಡನೇ ಸಿಲಿಂಡರಿಗೆ
ಆರು ತಿಂಗಳು ಅಲೆದಿದ್ದೆ.
ಇಲ್ಲಿ ಕೇಳದೆಯೇ ಕೊಟ್ಟಿದ್ದಾನೆ ದೇವರು.

ಐವತ್ತೊಂದಕ್ಕೆ ಮೊದಲ ಕನ್ನಡಕ.
ತೊಂಬತ್ತೈದು ದಿರ್ಹಮ್, ಸಂಬಳದಲ್ಲಿ ಹಿಡಿಯುವುದು.
ಬೀದಿಗಿಳಿದರೆ ನೆಲ ಒಂದು ಗೇಣು ಮೇಲೆದ್ದಿದೆ.
ಸೈಕಲ್ಲು ತಳ್ಳುತ್ತ, ಕಾಲು ಎತ್ತೆತ್ತಿ ಇಟ್ಟು ನಡೆದೆ,
ಉತ್ತ ಗದ್ದೆಯ ಕೊಕ್ಕರೆಯ ಹಾಗೆ.
ಕೋಯಾನ ಮೂಗಿನ ಮೇಲೆ ಸಿಡುಬಿನ ಕಲೆ.
ಇಷ್ಟು ವರ್ಷ ಎಲ್ಲಿ ಇಟ್ಟಿದ್ದನೋ.
ಇಸ್ತ್ರಿ ಮೇಜಿನ ಮೇಲೆ ಬೆಳಿಗ್ಗೆ ನಾನೇ ಮಡಚಿಟ್ಟ ಪ್ಯಾಂಟು,
ನನ್ನ ಹೆಮ್ಮೆಯ ಗೆರೆ.
ಒಂದಲ್ಲ, ಎರಡು ಗೆರೆ, ಅಕ್ಕಪಕ್ಕ,
ರೈಲಿನ ಹಳಿಯ ಹಾಗೆ.
ಹದಿನಾಲ್ಕು ವರ್ಷ. ಒಬ್ಬ ಗಿರಾಕಿಯೂ ಹೇಳಲಿಲ್ಲ.

ಕತ್ತಲಾಗುವ ಮೊದಲು ಹೊರಗೆ ಬಂದು ತಲೆಯೆತ್ತಿದೆ.
ನಾಲ್ಕನೇ ಮಹಡಿ. ಟೀವಿಯ ಡಿಶ್ಶಿಗೆ ಧೂಳು ಹಿಡಿಯದಿರಲಿ ಅಂತ
ಯಾರೋ ತೊಡಿಸಿದ ಹಳೆಯ ಕಂದೂರ.
ಒಂದು ತೋಳು ಕಟ್ಟು ಬಿಚ್ಚಿ ಜೋತಿದೆ.
ಕಂಕುಳಲ್ಲಿ ಹರಿದಿದೆ, ಕೈಮಡಿಕೆಯ ಗುಂಡಿ ಇಲ್ಲ,
ನೀಲಿ ಕಂಡು ಎಷ್ಟು ಕಾಲವೋ.
ಸಮುದ್ರದ ಕಡೆಯಿಂದ ಸಣ್ಣ ಗಾಳಿ.
ಅದು ಬೀಸಿತು.
ನನ್ನ ಕೈ ಆಗಲೇ ಮೇಲಿತ್ತು.

ಯಾರಿಗೋ? ಒಳಗಿಂದ ಕೋಯಾ.

ಗಿರಾಕಿ, ಅಂದೆ.