ಒರೆಸುವವಳು

ಹನ್ನೆರಡು ಕನ್ನಡಕ. ಬೆಳಿಗ್ಗೆ ಆರಕ್ಕೆ ಎಣಿಸಿಕೊಳ್ಳುತ್ತೇನೆ,
ಸಂಜೆ ನಾಲ್ಕಕ್ಕೆ ಮತ್ತೆ ಎಣಿಸಿ ಬೀಗ ಹಾಕುತ್ತೇನೆ.
ನಡುವೆ ನನ್ನ ಕೆಲಸ ಇಷ್ಟೇ:
ಒಬ್ಬ ಸತ್ತು ಎದ್ದ ಮೇಲೆ
ಇನ್ನೊಬ್ಬ ಸಾಯುವುದರೊಳಗೆ
ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿಡುವುದು.

ಸಿಲೇಸಿಯದ ಕಲ್ಲಿದ್ದಲ ಊರು.
ಕೆಂಪಿಟ್ಟಿಗೆಯ ಸಾಲುಮನೆ, ಕಿಟಕಿಯ ಚೌಕಟ್ಟಿಗೂ ಕೆಂಪು ಬಣ್ಣ;
ಗಣಿಗಿಳಿಯುವ ಮುನ್ನ ಹುಡುಗರು ಮೊದಲು ಈ ಕೋಣೆಗಿಳಿಯುತ್ತಾರೆ.
ಕನ್ನಡಕದೊಳಗೆ ಅನಿಲ ಸೋರುತ್ತದೆ, ಸೂರು ಕುಸಿಯುತ್ತದೆ.
ಹೊರಗೆ ಅವರು ಹಸಿರು ಚಾಪೆಯ ಮೇಲೆ ಬರಿಗಾಳಿಯನ್ನು ತಳ್ಳುತ್ತಿರುತ್ತಾರೆ.

ಸ್ಪಂಜು ಮುಟ್ಟಿದರೆ ಸಾಕು, ನನಗೆ ಗೊತ್ತಾಗುತ್ತದೆ:
ಹಣೆಯ ಕಡೆ ಒದ್ದೆಯಾಗಿದ್ದರೆ ಬೆವರು,
ಕೆನ್ನೆಯ ಕಡೆ ಒದ್ದೆಯಾಗಿದ್ದರೆ ಬೆವರಲ್ಲ.
ಯಾರಿಗೂ ಹೇಳುವುದಿಲ್ಲ. ಒರೆಸುತ್ತೇನೆ.

ಟೈಮೊನ್ ಎಂಬ ಹುಡುಗ ಒಂಬತ್ತು ಸಲ ಸತ್ತ.
ಮೊದಲ ಸಲ ಕಿರುಚಿದ. ನಾಲ್ಕನೆಯ ಸಲ ಬೈದ.
ಏಳನೆಯ ಸಲ ನಗುತ್ತಾ ಸತ್ತ.
ಅದು ನನಗೆ ಹಿಡಿಸಲಿಲ್ಲ.
ಸಾವಿಗೆ ಅಷ್ಟು ಸಲಿಗೆ ಕೊಡಬಾರದು,
ಕೊಟ್ಟರೆ ಹೆಗಲೇರಿ ಕೂರುತ್ತದೆ.

ಮಾರ್ಚಿನಲ್ಲಿ ನಿಜವಾದ ಕತ್ತಲು ಕೆಮ್ಮಿತು.
ಏಳುನೂರು ಮೀಟರ್ ಕೆಳಗೆ, ಹೊಗೆ.
"ಕಣ್ಣು ಕಾಣಲಿಲ್ಲ, ಬುದ್ಧಿ ಓಡಲಿಲ್ಲ,
ಕೈ ಮಾತ್ರ ತಾನಾಗಿ ಸೊಂಟದ ಉಸಿರುಡಬ್ಬಿಗೆ ಹೋಯಿತು.
ಎಡಕ್ಕೆ ಎಂಟು ಹೆಜ್ಜೆ. ಬಾಗಿಲು."
ನನ್ನ ಮೇಜಿನೆದುರು ನಿಂತು ಹೇಳಿದ ಟೈಮೊನ್,
ಕೈಯಲ್ಲೊಂದು ಚಾಕಲೇಟಿನ ಡಬ್ಬ.
"ನಾನೇನು ಮಾಡಿದೆನಪ್ಪ, ಒರೆಸಿದೆ ಅಷ್ಟೆ" ಅಂದೆ.

ಒಂಬತ್ತು ಸುಳ್ಳು ಸಾವು ಕೂಡಿಸಿ ಒಂದು ಜೀವ.
ಈ ಲೆಕ್ಕಕ್ಕೆ ನನ್ನ ತಕರಾರಿಲ್ಲ.
ಆಲೊಯಿಸನ ಕಾಲಕ್ಕೆ ಈ ಕನ್ನಡಕ ಇರಲಿಲ್ಲ.
ಅವನಿಗೆ ಸಿಕ್ಕಿದ್ದು ಒಂದೇ ಸಲ,
ಅದೂ ಅಭ್ಯಾಸವಿಲ್ಲದೆ.

ಅದಕ್ಕೇ ಒಂದು ಸಂಜೆ, ಬೀಗದ ಕೈ ಜೇಬಿನಲ್ಲೇ ಇರುವಾಗ
ಐದನೆಯ ನಂಬರಿನದನ್ನು ತೊಟ್ಟೆ.
ಮೂವತ್ತು ವರ್ಷ ಬುತ್ತಿ ಕಟ್ಟಿದವಳು
ಆ ಬುತ್ತಿ ಬಿಚ್ಚುತ್ತಿದ್ದ ಜಾಗ ನೋಡಿರಲಿಲ್ಲ.
ನೋಡಿದೆ.
ಇಷ್ಟು ತಗ್ಗಾದ ಸೂರೇ?
ನಮ್ಮ ಮನೆಯ ಎತ್ತರದ ಬಾಗಿಲಲ್ಲೂ
ಅವನೇಕೆ ತಲೆ ಬಗ್ಗಿಸಿ ಬರುತ್ತಿದ್ದನೆಂದು
ಈಗ, ಹನ್ನೊಂದು ವರ್ಷ ಕಳೆದ ಮೇಲೆ, ತಿಳಿಯಿತು.
ಸುಮ್ಮನೆ ಅಣಕಿಸಿದೆನಲ್ಲ ಆಗ.

ಗೋಡೆ ಮುಟ್ಟಿದೆ: ಗಾಳಿ.
ಮೂಸಿದೆ: ಸ್ಪಿರಿಟ್ಟು, ನನ್ನದೇ ಕೈ.
ಮೀಥೇನಿಗೆ ವಾಸನೆಯಿಲ್ಲವಂತೆ,
ಅದೊಂದನ್ನು ಮಾತ್ರ ಸರಿಯಾಗಿ ತಂದಿದ್ದಾರೆ.
ಪಕ್ಕದವನ ಬೆಳ್ಳುಳ್ಳಿ ಸಾಸೇಜಿನ ಉಸಿರಿಲ್ಲ,
ಇಲಿಯಿಲ್ಲ, ಬುತ್ತಿ ಕದಿಯಲು.
ಆಮೇಲೆ ಸೂರು ಬಿತ್ತು.
ಬೆನ್ನಿಗೆ ಒಂದು ಬೆಂಕಿಕಡ್ಡಿಯ ಭಾರವೂ ಬೀಳಲಿಲ್ಲ.
ಕತ್ತಲಲ್ಲಿ ಕೆಂಪು ಅಕ್ಷರ ಕೇಳಿತು:
ಮತ್ತೆ ಮೊದಲಿನಿಂದಲೇ? ಹೌದು. ಇಲ್ಲ.

ಹೌದು ಅಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ,
ಹೆಲ್ಮೆಟ್ಟು ಕೂಡ ಓರೆಯಾಗದೆ.
ಆ ಗುಂಡಿ ನನ್ನ ಬೆರಳಡಿಯಲ್ಲಿ ಎಷ್ಟು ಹೊತ್ತಿತ್ತೋ.
ಒಂದು ಸಲ ಒತ್ತಿದೆ.
ಸುಳ್ಳೇಕೆ, ಮೂರು ಸಲ.
ಮೂರು ಸಲವೂ ಯಾರು ಯಾರೋ ಎದ್ದರು.

ಹುಡುಗರು ಕನ್ನಡಕ ತೆಗೆದಾಗ
ಮುಖದ ಸುತ್ತ ಒಂದು ಕೆಂಪು ಉಂಗುರ,
ಹತ್ತು ನಿಮಿಷಕ್ಕೆ ಮಾಯ.
ಆಲೊಯಿಸ ಎಷ್ಟು ತಿಕ್ಕಿ ತೊಳೆದು ಬಂದರೂ
ರೆಪ್ಪೆಯ ಬುಡದಲ್ಲಿ ಕಪ್ಪು ಉಳಿಯುತ್ತಿತ್ತು.
ಕಾಡಿಗೆ ಹಚ್ಚಿದ ನಾಟಕದ ರಾಣಿ ಎಂದು ಛೇಡಿಸುತ್ತಿದ್ದೆ.
ದಿಂಬಿನ ಚೀಲಕ್ಕೆ ಹತ್ತುತ್ತಿತ್ತು,
ಬೈದು ಬೈದು ಒಗೆಯುತ್ತಿದ್ದೆ.
ಒಂದನ್ನು ಒಗೆದಿಲ್ಲ.

ಐದನೆಯ ನಂಬರನ್ನು ಎರಡು ಸಲ ಒರೆಸಿಟ್ಟೆ.
ನಾಳೆ ಅದು ಹೊಸಬನೊಬ್ಬನಿಗೆ,
ಇನ್ನೂ ಒಮ್ಮೆಯೂ ಸಾಯದವನಿಗೆ.