ಮೊದಲು, ನಂತರ

ನಗರಸಭೆಯ ವ್ಯಾನಿನಲ್ಲಿ ನಾವು ಇಬ್ಬರು.
ಔರೇಲಿಯು ರೋಲರ್ ಹಿಡಿಯುತ್ತಾನೆ, ನಾನು ಕ್ಯಾಮೆರಾ.
ಪ್ರತಿ ಗೋಡೆಗೂ ಎರಡೇ ಚಿತ್ರ:
ಒಂದು ‘ಮೊದಲು’, ಒಂದು ‘ನಂತರ’.
ಅಡಿಯಲ್ಲಿ ತಾರೀಖು, ಬೀದಿಯ ಹೆಸರು, ಚದರ ಮೀಟರು.
ಚಂದ ಬೇಡ, ಪುರಾವೆ ಸಾಕು
ಅಂದಿದ್ದರು ಸೇರಿದ ದಿನವೇ.

ಪೋರ್ಟೊ ಊರಿನ ಪೂರ್ವಕ್ಕೆ, ರೈಲುಕಂಬಿಯ ಆಚೆ, ಕಂಪಾನ್ಯಾ.
ಬೆಳಗಿನ ಏಳಕ್ಕೆ ನದಿಯ ಮಂಜು
ಇನ್ನೂ ಮೆಟ್ಟಿಲು ಹತ್ತುತ್ತಿರುತ್ತದೆ, ಮಂಡಿನೋವಿನವರ ಹಾಗೆ.
ತಂತಿಯ ಮೇಲೆ ಯಾರದೋ ದುಪ್ಪಟಿ, ನೆಂದೇ ತೂಗುತ್ತ.
ಗೋಡೆ ಮುಟ್ಟಿದರೆ ಬೆರಳಿಗೆ ಹಸಿರು ಮೆತ್ತುತ್ತದೆ:
ಬರೆದವನು ಈಗಷ್ಟೇ ಮಲಗಿರಬೇಕು.

ಏನೇನು ತೆಗೆದಿಲ್ಲ ನಾನು!
ಮೂರು ಕಣ್ಣಿನ ಸಾರ್ಡೀನು ಮೀನು;
ಬಾಡಿಗೆ ಏರಿಸಿದವನ ವಂಶಕ್ಕೆಲ್ಲ ಬೈಗುಳ,
ಒಂದೂ ಕಾಗುಣಿತ ತಪ್ಪದೆ;
ಗ್ಯಾರೇಜಿನ ಶಟರ್ ಮೇಲೆ ಮಲಗಿದ ಹೆಂಗಸು,
ಬೆಳಿಗ್ಗೆ ಶಟರ್ ಎತ್ತಿದರೆ ಮಡಚಿಕೊಂಡು ಒಳಗೆ ಹೋಗುತ್ತಾಳೆ,
ಸಂಜೆ ಇಳಿಸಿದರೆ ಮತ್ತೆ ಕಾಲು ಚಾಚುತ್ತಾಳೆ.
ಅವಳನ್ನು ಅಳಿಸಲು ನಾವು ಮಧ್ಯಾಹ್ನ ಹೋದದ್ದು ಎರಡು ಸಲ.
ಶಟರ್ ಮೇಲಿತ್ತು. ಅವಳು ಸಿಗಲಿಲ್ಲ.

ಬೂದು ಅನ್ನೋದು ಒಂದೇ ಬಣ್ಣವಲ್ಲ, ಅನ್ನುತ್ತಾನೆ ಔರೇಲಿಯು.
ಹೊಸ ಡಬ್ಬಿ ಬಿಚ್ಚಿದರೆ ಹೊಸ ಬೂದು.
ಓಣಿಯುದ್ದಕ್ಕೂ ತೇಪೆ, ತೇಪೆಯ ಮೇಲೆ ತೇಪೆ.
ಈ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಚಿತ್ರ ಬರೆದವ ನಾನೇ ಕಣೊ,
ಸಹಿ ಹಾಕಿಲ್ಲ, ಅಷ್ಟೆ.

ಸಹಿ ಹಾಕುತ್ತಿದ್ದವನೊಬ್ಬನಿದ್ದ: ಫುಸ್ಕೊ.
ಬರೀ ಅಷ್ಟೇ, ಹೆಸರೊಂದೇ.
ಮೊದಮೊದಲು ಅಕ್ಷರ ನಡುಗುತ್ತಿದ್ದವು.
ಆಮೇಲೆ ಕೊನೆಯ ಸೊನ್ನೆಗೆ ಬಾಲ ಬಂತು,
ಬಾಲ ಬೆಳೆದು ಕಿಟಕಿ ದಾಟಿ ನೀರಿನ ಕೊಳವೆಗೆ ಸುತ್ತಿಕೊಂಡಿತು.
ಒಂದು ಚಳಿಗಾಲವಿಡೀ ಅಕ್ಷರವೆಲ್ಲ ಎಡಕ್ಕೆ ವಾಲಿದವು.
ಬಲಗೈ ಮುರಿದಿದೆ, ಅಂದುಕೊಂಡೆ.
ವಸಂತಕ್ಕೆ ನೆಟ್ಟಗಾದವು. ನನಗೆ ಸಮಾಧಾನ,
ಮುಖ ನೋಡಿದವನಲ್ಲ, ಆದರೂ.
ಮಾರ್ಚಿನ ಆಮೇಲೆ ಎಲ್ಲೂ ಕಾಣಲಿಲ್ಲ.
ಕೆಲಸ ಸಿಕ್ಕಿರಬೇಕು. ಇಲ್ಲವೆ ಹುಡುಗಿ.

ಜೂನಿನಲ್ಲಿ ಕಚೇರಿಯ ಕಿಂಡಿಗೆ ಬಂದಳು ಇದಲೀನಾ,
ಕಪ್ಪು ಕಾರ್ಡಿಗನ್, ಬೆರಳಿಗೆ ದರ್ಜಿಯ ಅಂಗುಸ್ತಾನ
ತೆಗೆಯಲು ಮರೆತು.
ಅಳಿಸಿದ್ದೆಲ್ಲ ನಿಮ್ಮ ಹತ್ತಿರ ಇದೆಯಂತೆ, ಅಂದಳು.
ನೋಟುಬುಕ್ಕಿನ ಹಾಳೆ ಬಿಡಿಸಿದಳು:
ನಡುಗುವ ಐದು ಅಕ್ಷರ, ನೂರಾರು ಸಲ,
ಲೆಕ್ಕದ ಪಾಠದ ಹಿಂದೆ.
ಉಗುರಿನ ಬಣ್ಣ ತೊಳೆಯದೆ ಊಟಕ್ಕೆ ಕೂರಬೇಡ
ಅಂತ ದಿನಾ ಬೈತಿದ್ದೆ.
ಇನ್ನೇನೂ ಹೇಳಲಿಲ್ಲ.

ಅರ್ಜಿ ಬೇಕು, ಹದಿನೈದು ದಿನ ಬೇಕು.
ನಾನು ಕಡತ ತೆರೆದೆ.
‘ಮೊದಲು’ಗಳನ್ನೆಲ್ಲ ಅವಳು ಬೇಗ ಬೇಗ ದಾಟಿದಳು,
ಕಾದ ಹೆಂಚು ಮುಟ್ಟುವವರಂತೆ.
‘ನಂತರ’ ತೋರಿಸಿ, ಅಂದಳು.
ಬರೀ ಬೂದು, ಅಮ್ಮ, ಏನೂ ಇಲ್ಲ.
ತೋರಿಸಿ.

ಒಂದೊಂದರ ಮುಂದೆಯೂ ಕೂತಳು.
ಬಣ್ಣದಡಿಯಲ್ಲಿ ಉಬ್ಬಿದ ಬಾಲದ ಮೇಲೆ
ಅಂಗುಸ್ತಾನ ಟಕ್ಕೆಂದು ತಾಗಿಸಿದಳು ಪರದೆಗೆ: ಇಲ್ಲಿ.
ಮತ್ತೊಂದರಲ್ಲಿ: ಇಲ್ಲಿ.
ತೆಗೆದವನು ನಾನು. ನೋಡಿದವಳು ಅವಳು.

ಕೊನೆಗೆ ಅಂದಳು: ಒಂದು ಕಮ್ಮಿ ಇದೆ.
ಅರವತ್ತೆರಡು ಮೊದಲು, ಅರವತ್ತೊಂದು ನಂತರ.

ಎಣಿಸಿದ್ದಳು.
ರೈಲು ಸೇತುವೆಯ ಕೆಳಗಿನದು. ಮಾರ್ಚ್ ಹನ್ನೊಂದು.
ಆ ದಿನ ಡಬ್ಬಿ ಖಾಲಿಯಾಗಿತ್ತು, ನಾಳೆ ಬರೋಣ ಅಂದಿದ್ದೆವು,
ಪುಸ್ತಕದಲ್ಲಿ ‘ಆಯಿತು’ ಅಂತ ಬರೆದವನು ನಾನೇ.
ಅವಳ ಹಾಳೆಯ ಅಂಚಿಗೆ ದಾರಿ ಗೀಚಿ ಕೊಟ್ಟೆ.

ಸೋಮವಾರ ಔರೇಲಿಯು ಪಟ್ಟಿ ನೋಡಿ ಕೇಳಿದ,
ಆ ಸೇತುವೆ ಬಾಕಿ ಉಳೀತಾ?
ಅಲ್ಲಿ ಶೀತ, ಬಣ್ಣ ಹಿಡಿಯೋದಿಲ್ಲ, ಅಂದೆ.
ಅವನು ನನ್ನನ್ನೇ ನೋಡಿದ ಸ್ವಲ್ಪ ಹೊತ್ತು,
ಆಮೇಲೆ ವ್ಯಾನು ಬೇರೆ ಬೀದಿಗೆ ತಿರುಗಿಸಿದ.