ಯಾರ ಪೈಕಿ

ನಾರ್ವೆ. ಫ್ಯೋರ್ಡಿನಂಚಿನ ಸತುವಿನ ಕಾರ್ಖಾನೆ. ರಾತ್ರಿ ಎರಡೂವರೆ.
ಕೈಗವಸು ಹಲ್ಲಲ್ಲಿ ಕಚ್ಚಿ ಕಳಚಿ
ತೂರುನ್ ಮೂರನೇ ತೊಟ್ಟಿಗೆ
ಹೊಸ ಒತ್ತಡಮಾಪಕ ತಿರುಪಿದಳು.

ಅದು ಹೇಳಿದ್ದು ನಿಜವೇ: ನಾಲ್ಕೂವರೆ ಬಾರ್.
ಯಾರೂ ಕಿವಿಗೊಡಲಿಲ್ಲ.
ಯಾರ ಪೈಕಿ ನೀನು? ಪಂಪು ಕೇಳಿತು,
ಕವಾಟ ಕೇಳಿತು, ಹಡಗುಕಟ್ಟೆಯ ಕ್ರೇನೂ ಕೇಳಿತು,
ಹುಟ್ಟಿದಂದು ಹಾಕಿದ ರುಜು ತೋರಿಸು.

ತೋರಿಸಿತು.
ಎಲ್ಲವೂ ತಂತಮ್ಮ ಖಾತೆ ಬಿಚ್ಚಿ
ಸಾಲಿಗೆ ಸಾಲು ತಾಳೆ ನೋಡಿ
ಸರಪಳಿಯ ಕೊನೆಯ ಕೊಂಡಿಗೆ ಇದನ್ನೂ ಬಿಗಿದವು.
ಇನ್ನು ಅಳಿಸುವುದು ಯಜಮಾನನಿಗೂ ಆಗದು.

ಹನ್ನೊಂದು ಸೆಕೆಂಡು.

ಹಳೆಯದನ್ನು ತೂರುನ್ ಜೇಬಿಗಿಳಿಸಿದಳು.
ಹದಿನಾರು ವರ್ಷ ಅದನ್ನು ಯಾರೂ ಏನೂ ಕೇಳಿರಲಿಲ್ಲ.
ಹೋದ ಚಳಿಗಾಲ ಅದರ ಹೆಸರಲ್ಲಿ
ದೂರದಿಂದ ಬೇರಾರೋ ಮಾತಾಡಿದ್ದರು,
ಕವಾಟ ನಂಬಿ ತೆರೆದಿತ್ತು.
ಎಸ್ಕಿಲ್‌ನ ಎಡಗೈ
ಈಗಲೂ ಮುಷ್ಟಿ ಕಟ್ಟುವುದಿಲ್ಲ.